ಖಾಲಿ ಸೀಮೆಎಣ್ಣೆ ಡಬ್ಬಿ

ಹೆದರಿಕೆಯಾದರೆ ಕೆಲವರಿಗೆ ಅನ್ನ ಸೇರುವುದಿಲ್ಲವಂತೆ. ನನಗೆ ಹಾಗಲ್ಲ ಮಕ್ಕಳೇ, ಹೆದರಿಕೆಯಾದರೆ ಹಸಿವಾಗುತ್ತದೆ. ಸಂತೋಷವಾದರೂ ಹಸಿವೇ. ಎರಡೂ ಒಟ್ಟಿಗೆ ಬಂದರೆ ಏನಾಗುತ್ತದೆಂದು ತಿಳಿದದ್ದು ನನ್ನ ಆಪರೇಷನ್ನಿಗೆ ಮುಂಚಿನ ದಿನಗಳಲ್ಲಿ. ಅದೂ, ತಿನ್ನಬೇಡ ಎಂದು ಡಾಕ್ಟರು ಹೇಳಿದ್ದ ದಿನಗಳಲ್ಲಿ!

ನಿಮ್ಮ ಅಜ್ಜ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಸಿರುಗುಪ್ಪದ ಇದೇ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಹೊಕ್ಕಳ ಮೇಲೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಬಗ್ಗಿದರೆ ನೋವು, ಬಿಂದಿಗೆ ಎತ್ತಿದರೆ ನೋವು. ಹೇಳಿಕೊಳ್ಳಲು ನಾಚಿಕೆಯಾಗಿ ಸೆರಗಿನ ಮರೆಯಲ್ಲೇ ಅದನ್ನು ಸಾಕಿಕೊಂಡು ಬಂದಿದ್ದೆ. ಆಮೇಲೆ ನಿಮ್ಮ ಅವ್ವ ಗಿರಿಜಾ ಬಸಿರಾದ ಸುದ್ದಿ ಬಂತು. ಚೊಚ್ಚಲ ಬಾಣಂತನ ತವರಿನದು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ನೀರು ಹಾಕುವವಳು ಅಜ್ಜಿ. ನಾನೋ, ಕಾಲು ಚಾಚಿ ಕೂತರೆ ಇನ್ನೊಬ್ಬರು ಕೈ ಹಿಡಿದು ಎಬ್ಬಿಸಬೇಕಾದವಳು. ನನ್ನ ಮೊಮ್ಮಗುವಿಗೆ ಬೇರೆ ಯಾರೋ ನೀರು ಹಾಕುವುದನ್ನು ಗೋಡೆಗೆ ಒರಗಿ ನೋಡಬೇಕೇ? ನಾಚಿಕೆಗಿಂತ ಆ ಸಂಕಟ ದೊಡ್ಡದಾಯಿತು. ಕುರುಗೋಡಿನಿಂದ ತಮ್ಮನನ್ನು ಕರೆಸಿಕೊಂಡು ಬಳ್ಳಾರಿಯ ಬಸ್ಸು ಹತ್ತಿದೆ.

ಡಾಕ್ಟರು ಗಂಟನ್ನು ಒತ್ತಿ ನೋಡಿದರು, ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ಓಡಿದ ರಭಸಕ್ಕೆ ನಾನೇ ಕಣ್ಣು ಮುಚ್ಚಿಕೊಂಡೆ.

"ನೋಡ್ರಿ ಅಮ್ಮಾ, ಇಷ್ಟು ಬೊಜ್ಜಿನ ಮ್ಯಾಲೆ ಹೊಲಿಗಿ ಹಾಕಿದ್ರ ನಿಲ್ಲಂಗಿಲ್ಲ. ಎರಡು ತಿಂಗಳು ಬಿಟ್ಟು, ಮೈ ಇಳಿಸಿಕೊಂಡು ಬರ್ರಿ. ಇಳಿದಿದ್ರ ಆಪರೇಷನ್, ಇಲ್ಲಾಂದ್ರ ಇಲ್ಲ."

ನಾನು ಹಿಂಜರಿಯುತ್ತ, "ಸೋಮವಾರ ಉಪವಾಸ ಮಾಡ್ತೀನ್ರಿ" ಎಂದೆ.

"ಛಲೋ ಆತು. ಅವತ್ತು ಏನು ತಗೋತೀರಿ?"

"ಏನಿಲ್ರಿ. ತುಸು ಅವಲಕ್ಕಿ, ನಾಕು ಶೇಂಗಾದ ಉಂಡಿ, ಬಾಳೆಹಣ್ಣು, ಸಂಜಿಗೆ ಗಟ್ಟಿ ಹಾಲು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಂಗಾರ ಮೊದಲು ಉಪವಾಸ ಬಿಡ್ರಿ!"

ವಾಪಸು ಬರುವಾಗ ಬಸ್ಸಿನಲ್ಲಿ ತಮ್ಮ ಸಮಾಧಾನ ಹೇಳಿದ. "ಅಕ್ಕಾ, ನಮ್ಮೂರ ಗುಡ್ಯಾಗಿನ ಕಲ್ಲಿನ ದೊಡ್ಡ ಬಸವಣ್ಣನ್ನ ನೋಡು, ಎಷ್ಟು ದಪ್ಪ ಅದಾನ. ಅವಗ ಯಾರರ ಇಳಿಸು ಅಂದಾರೇನು?"

"ಅವಗೇನು ಬಾಣಂತನ ಮಾಡೋದೈತೇನಲೇ?" ಎಂದೆ. ಮುಂದಿನ ಸೀಟಿನವರು ನಕ್ಕರು. ನಾನು ಸೆರಗೆಳೆದುಕೊಂಡು ಕಿಟಕಿಯ ಆಚೆ ನೋಡಿದೆ.

ನಿಜ ಹೇಳುತ್ತೇನೆ, ಆ ದಿನಗಳಲ್ಲಿ ಹೆದರಿಕೆಯೆಷ್ಟೋ ಸಂಭ್ರಮವೂ ಅಷ್ಟೇ. ಹೆರಿಗೆಗಲ್ಲದೆ ಹಗಲು ಹೊತ್ತು ಮಲಗಿ ನನಗೆ ಗೊತ್ತೇ ಇರಲಿಲ್ಲ. ಈಗ ಆಸ್ಪತ್ರೆಯಲ್ಲಿ ಕಬ್ಬಿಣದ ಮಂಚ, ಬಿಳಿ ಹಾಸಿಗೆ, ಕರೆದರೆ ಬರುವ ನರ್ಸಮ್ಮ! ಟ್ರಂಕಿನಲ್ಲಿ ಎರಡು ಸೀರೆ ಮಡಿಸಿಡುವುದು, ತೆಗೆಯುವುದು, ಮತ್ತೆ ಮಡಿಸುವುದು. ಆಗಲೇ ಸೂಜಿಯ ನೆನಪಾಗುತ್ತಿತ್ತು. ಕೈ ತನ್ನಷ್ಟಕ್ಕೆ ತಾನೇ ಅವಲಕ್ಕಿ ಡಬ್ಬದ ಕಡೆ ಹೋಗುತ್ತಿತ್ತು. ಮನೆಯಲ್ಲಿ ಕೂತರೆ ನನ್ನ ಕೈಯನ್ನು ನಂಬುವ ಹಾಗಿಲ್ಲ ಎಂದು ಗೊತ್ತಾಯಿತು. ದಿನಾ ನಡೆಯಿರಿ ಎಂದೂ ಡಾಕ್ಟರು ಹೇಳಿದ್ದರಲ್ಲ, ಸರಿ, ನಡೆಯೋಣ ಎಂದುಕೊಂಡೆ.

ಆದರೆ ನಡೆಯುವುದು ಹೇಗೆ? ಈಗ ಜನ ಬೆಳಿಗ್ಗೆ ಸುಮ್ಮನೆ ತಿರುಗಾಡುತ್ತಾರೆ. ಆಗ ನಮ್ಮ ಬೀದಿಯಲ್ಲಿ ಹೆಂಗಸೊಬ್ಬಳು ಹೊರಗೆ ಬಿದ್ದರೆ ನೀರಿಗೆ ಹೋಗಬೇಕು, ಗುಡಿಗೆ ಹೋಗಬೇಕು, ಇಲ್ಲವೇ ಯಾರಾದರೂ ಸತ್ತಿರಬೇಕು. ಪ್ರತಿ ಬಾಗಿಲಿನಿಂದಲೂ "ಎಲ್ಲಿಗೆ?" ಎಂಬ ಪ್ರಶ್ನೆ ಬರುತ್ತಿತ್ತು. ಆ ಒಂದು ಪ್ರಶ್ನೆಗೆ ನಾನು ಸೂಜಿಗಿಂತ ಹೆಚ್ಚು ಹೆದರುತ್ತಿದ್ದೆ. ಅದಕ್ಕೇ ಒಂದು ಉಪಾಯ ಹೂಡಿದೆ. ಖಾಲಿ ಸೀಮೆಎಣ್ಣೆ ಡಬ್ಬಿ ಕೈಯಲ್ಲಿ ಹಿಡಿದು ಹೊರಟೆ. ಡಬ್ಬಿ ಇದ್ದವಳನ್ನು ಎಲ್ಲಿಗೆ ಎಂದು ಯಾರು ಕೇಳುತ್ತಾರೆ?

ಯಾರೂ ಕೇಳಲಿಲ್ಲ. ಕಾಲುವೆಯ ದಾರಿ ಹಿಡಿದು ಬಿರಬಿರನೆ ನಡೆದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಳ್ಳುತ್ತಿರುವಾಗ ಹಿಂದಿನಿಂದ ಡಬ್ಬಿಗಳ ಸದ್ದು ಕೇಳಿತು. ತಿರುಗಿ ನೋಡುತ್ತೇನೆ, ಅರ್ಧ ಬೀದಿಯೇ ನನ್ನ ಹಿಂದೆ! ಒಬ್ಬೊಬ್ಬರ ಕೈಯಲ್ಲೂ ಡಬ್ಬಿ, ಬಾಟ್ಲಿ, ಕ್ಯಾನು. ಸೀಮೆಎಣ್ಣೆಗೆ ಪರದಾಡುತ್ತಿದ್ದ ಕಾಲ ಅದು. ನಾನು ಅಷ್ಟು ಅವಸರದಲ್ಲಿ ಹೊರಟದ್ದು ಕಂಡು, ಎಲ್ಲೋ ಎಣ್ಣೆ ಬಂದಿದೆ, ಈಕೆ ಗುಟ್ಟಾಗಿ ತರಲು ಹೊರಟಿದ್ದಾಳೆ ಎಂದುಕೊಂಡಿದ್ದರು.

ಎದುರು ಮನೆಯ ಶರಣಮ್ಮ ಏದುಸಿರು ಬಿಡುತ್ತ ಮುಂದೆ ಬಂದಳು. "ಯಾಕಬೇ, ಒಬ್ಬಾಕಿನೇ ಹೊಂಟೀಯಲ್ಲ! ನಮ್ಮ ಮನ್ಯಾಗ ದೀಪ ಹಚ್ಚೋದು ಬ್ಯಾಡೇನು? ಎಲ್ಲಿ ಕೊಡಾಕ ಹತ್ಯಾರ?"

ಆಚೆ ಬೀದಿಯ ತೆಲುಗಿನ ಲಕ್ಷ್ಮಮ್ಮ, "ಕಾಲುವೀ ತನಕ ಬಂದ್ವಿ, ಅಂಗಡಿ ಎಲ್ಲೈತ್ರೀ ಅಕ್ಕಾ?" ಎಂದಳು.

ಸುಳ್ಳು ಹೇಳೋಣವೆಂದರೆ ಸುತ್ತಮುತ್ತ ಭತ್ತದ ಗದ್ದೆ ಬಿಟ್ಟು ಏನೂ ಇಲ್ಲ. ಕೊನೆಗೆ ಡಬ್ಬಿಯನ್ನು ತಲೆಕೆಳಗು ಮಾಡಿ ತೋರಿಸಿ, ಗಂಟು, ಡಾಕ್ಟರು, ಬೊಜ್ಜು, ಗಿರಿಜಾಳ ಬಸಿರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಷ್ಟು ಮಾತನ್ನು ನಾನು ಒಟ್ಟಿಗೆ ಆಡಿದ್ದು ಅದೇ ಮೊದಲು.

ಶರಣಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು ನೋಡಿ, ಕಾಲುವೆ ಏರಿಯ ಮೇಲೇ ಕೂತುಬಿಟ್ಟಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಾಗ ಗಂಟು ನೋಯಿತು, ಆದರೂ ನಕ್ಕೆ.

"ಮೊದಲಽ ಹೇಳಬಾರದೇನಬೇ ಹುಚ್ಚಿ? ನಾಳೆಯಿಂದ ನಾನೂ ಬರ್ತೀನಿ" ಎಂದಳು ಶರಣಮ್ಮ. "ನನ್ನ ಹೊಟ್ಟಿ ನಿನಗಿಂತ ಕಮ್ಮಿ ಐತೇನು?"

ಹಾಗೆ ನಮ್ಮ ನಡಿಗೆ ಶುರುವಾಯಿತು. ಗಂಡಸರು ಕೇಳಿದರೆ ಉತ್ತರಕ್ಕೆ ಇರಲಿ ಎಂದು ಎಲ್ಲರ ಕೈಯಲ್ಲೂ ಖಾಲಿ ಡಬ್ಬಿ. ನಡೆಯುತ್ತ ಒಬ್ಬೊಬ್ಬರ ಗುಟ್ಟೂ ಹೊರಬಂತು. ಒಬ್ಬಳಿಗೆ ಮಂಡಿ ನೋವು, ಒಬ್ಬಳಿಗೆ ಅತ್ತೆ. ನಾನು ಅವಲಕ್ಕಿಯನ್ನು ಮರೆತೆ ಎನ್ನಲಾರೆ, ಆದರೆ ಅದು ನನ್ನನ್ನು ಮೊದಲಿನಷ್ಟು ಕರೆಯಲಿಲ್ಲ.

ಎರಡು ತಿಂಗಳ ಮೇಲೆ ಬಳ್ಳಾರಿಯಲ್ಲಿ ಮತ್ತೆ ಯಂತ್ರ ಹತ್ತಿದಾಗ ಕಣ್ಣು ತೆರೆದೇ ನಿಂತೆ. ಡಾಕ್ಟರು ಮುಳ್ಳು ನೋಡಿ, ನನ್ನ ಮುಖ ನೋಡಿ, "ಉಪವಾಸ ಬಿಟ್ಟಿದ್ದು ಛಲೋ ಆತು ನೋಡ್ರಿ" ಎಂದರು. ಆಪರೇಷನ್ನಿನ ಬೆಳಿಗ್ಗೆ ಎದೆ ಡಬಡಬ ಎನ್ನುತ್ತಿತ್ತು. ಕಣ್ಣು ಮುಚ್ಚಿದರೆ ಕಾಲುವೆಯ ದಾರಿ ಕಾಣುತ್ತಿತ್ತು, ಹಿಂದೆ ಡಬ್ಬಿಗಳ ಸದ್ದು.

ಸುಮಾ, ಮೊದಲ ಸಲ ನಿನ್ನನ್ನು ನನ್ನ ಕಾಲ ಮೇಲೆ ಮಲಗಿಸಿ ನೀರು ಹಾಕಿದಾಗ ನೀನು ಓಣಿಗೆಲ್ಲ ಕೇಳುವ ಹಾಗೆ ಚೀರಿದ್ದೆ. ಅವತ್ತು ಬಿಸಿನೀರಿನ ಬಿಂದಿಗೆ ಹೊತ್ತು ಬಂದವರು, ಖಾಲಿ ಡಬ್ಬಿ ಹಿಡಿದು ನನ್ನ ಬೆನ್ನು ಹತ್ತಿದ್ದ ಅದೇ ಹೆಂಗಸರು. ನೀರು ಹಾಕಿ ಮುಗಿಸಿ, ನಿನ್ನನ್ನು ಎತ್ತಿಕೊಂಡು ನಾನೇ ಎದ್ದೆ. ಯಾರೂ ಕೈ ಕೊಡಲಿಲ್ಲ.

ಆ ಡಬ್ಬಿ ಇನ್ನೂ ಅಡಿಗೆಮನೆಯ ಮೂಲೆಯಲ್ಲಿದೆ. ನಿಮಗೂ ಯಾವಾಗಲಾದರೂ ಎದೆ ಡಬಡಬ ಎಂದರೆ ಒಳಗೆ ಕೂತು ಅವಲಕ್ಕಿ ಡಬ್ಬಕ್ಕೆ ಕೈ ಹಾಕಬೇಡಿ. ಇದನ್ನು ಹಿಡಿದು ಬೀದಿಗೆ ಇಳಿಯಿರಿ. ಎಲ್ಲಿಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗ ಎಲ್ಲ ಹೇಳಿಬಿಡಿ.