ದಕ್ಷಿಣದ ಬಾಗಿಲಿನ ಮನೆ

2024ರ ಬೇಸಿಗೆಯಲ್ಲಿ ಜೆ.ಪಿ. ನಗರದ ನಮ್ಮ ಪುಟ್ಟ ರಿಯಲ್ ಎಸ್ಟೇಟ್ ಕಚೇರಿಯನ್ನು ನಾನೊಬ್ಬಳೇ ನಡೆಸುತ್ತಿದ್ದೆ. ಅದುವರೆಗೆ ಮನೆ ತೋರಿಸುವುದು ನಮ್ಮ ಮನೆಯವರ ಕೆಲಸ, ಕಾಗದಪತ್ರ ನೋಡುವುದು ನನ್ನದು. ಹಿಂದಿನ ಚಳಿಗಾಲದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡ ಮೇಲೆ ಎರಡೂ ನನಗೇ ಬಂದವು. ಅವರ ದಿಕ್ಸೂಚಿಯೂ ನನ್ನ ಕೈಚೀಲ ಸೇರಿತು. ನಮ್ಮ ಗಿರಾಕಿಗಳು ಚಪ್ಪಲಿ ಬಿಡುವ ಮೊದಲೇ ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳುತ್ತಾರೆ.

ಆಗ ಮನೆ ಕೊಳ್ಳಲು ಬಂದವರು ಕೋಲ್ಕತ್ತದ ಮೌಸುಮಿ ಮತ್ತು ಅನಿರ್ಬನ್. ಗಂಡನಿಗೆ ಇಲ್ಲಿಗೆ ವರ್ಗವಾಗಿತ್ತು. ಹೆಂಡತಿ ಹಿಂದೆ ಜಯನಗರದ ಹಾಸ್ಟೆಲಿನಲ್ಲಿದ್ದು ಓದಿದವಳು, ಕನ್ನಡ ಬರುತ್ತಿತ್ತು.

"ಆಂಟಿ, ನಮಗೆ ದಕ್ಷಿಣಕ್ಕೆ ತೆರೆದಿರೋ ಮನೆನೇ ಬೇಕು," ಎಂದಳು.

"ಅದನ್ನ ಇಲ್ಲಿ ಯಾರೂ ಕೇಳಲ್ಲಮ್ಮ."

"ಅಯ್ಯೋ, ನಮ್ಮೂರಲ್ಲಿ ಅದಕ್ಕೇ ಜಗಳ! ಸಂಜೆ ಗಾಳಿ ಬರೋದೇ ಆ ಕಡೆಯಿಂದ."

ಇಲ್ಲಿ ದಕ್ಷಿಣವೆಂದರೆ ಯಮನ ದಿಕ್ಕು. ಬಾಗಿಲು ಅತ್ತ ಇದ್ದರೆ ಜನ ಮೆಟ್ಟಿಲಿನಿಂದಲೇ ವಾಪಸು ಹೋಗುತ್ತಾರೆ. ಹಾಗೆ ಮಾರಾಟವಾಗದೆ, ಬಾಡಿಗೆಗೇ ಓಡುತ್ತಿದ್ದ ಫ್ಲ್ಯಾಟೊಂದು ಹುಳಿಮಾವಿನಲ್ಲಿತ್ತು. ಬಾಗಿಲೂ ದಕ್ಷಿಣಕ್ಕೆ, ಬಾಲ್ಕನಿಯೂ ದಕ್ಷಿಣಕ್ಕೆ. ಅದು ನನಗೆ ಚೆನ್ನಾಗಿ ಗೊತ್ತಿದ್ದ ಮನೆ. ಕಟ್ಟಡ ಹೊಸದಾಗಿದ್ದಾಗ ನಮಗೆಂದೇ ನೋಡಿದ್ದೆವು. "ಇಲ್ಲಿ ಎರಡು ಕುರ್ಚಿ ಹಾಕ್ಕೊಂಡ್ರೆ ಸಾಕು ಕಣೆ, ಟೀವಿನೂ ಬೇಡ," ಎಂದು ಅವರು ಬಾಲ್ಕನಿ ಬಿಟ್ಟು ಬರಲೇ ಇಲ್ಲ. ಆಮೇಲೆ ಮನೆಯ ಹಿರಿಯರೆಲ್ಲ ಬೇಡವೆಂದರು. ಕೋಣನಕುಂಟೆಯಲ್ಲಿ ಪೂರ್ವದ ಬಾಗಿಲಿನ ಮನೆ ಕೊಂಡೆವು. ಅಲ್ಲಿ ಬಾಲ್ಕನಿಗೆ ಎದುರಾಗಿ ಪಕ್ಕದ ಮನೆಯ ಗೋಡೆ.

ಅದೇ ಬಾಲ್ಕನಿಯಲ್ಲಿ ಈಗ ಇವರಿಬ್ಬರು ನಿಂತರು.

"ನೋಡಿ ಆಂಟಿ, ಇವರು ಇಲ್ಲಿ ತೋಟ ಮಾಡ್ತಾರಂತೆ. ಹಿಂದಿನ ಮನೇಲಿ ತುಳಸಿನೂ ಉಳಿಸ್ಲಿಲ್ಲ!"

ಅನಿರ್ಬನ್ ನಗುತ್ತ ಅವಳ ದುಪಟ್ಟಾದ ತುದಿಯಲ್ಲಿ ತನ್ನ ಕನ್ನಡಕ ಒರೆಸಿಕೊಂಡ. ಅವಳಿಗೆ ಅದು ಗೊತ್ತೂ ಆಗಲಿಲ್ಲ. ನಮ್ಮವರು ನನ್ನ ಸೆರಗಿಗೆ ಕೈ ಒರೆಸಿದಾಗೆಲ್ಲ ನಾನು ಬೈಯುತ್ತಿದ್ದೆ. ನನಗೆ ಬಂದದ್ದು ಅಳುವಲ್ಲ, ಹೊಟ್ಟೆಕಿಚ್ಚು. ಈ ಮನೆ ಇವರಿಗೆ ಸಿಗಬಾರದು ಎನ್ನಿಸಿತು.

ಬೇರೆ ರಾಜ್ಯದಿಂದ ಬಂದವರಿಗೆ ಒಂದೇ ಭೇಟಿಯಲ್ಲಿ ಮನೆ ಒಪ್ಪಿಸಬಾರದೆಂಬುದು ನಮ್ಮವರ ಪದ್ಧತಿ. ನೆಂಟರಿಲ್ಲದ ಊರಿನಲ್ಲಿ ಅವರು ಯಾರನ್ನು ಕೇಳಿಯಾರು? ಅದರಂತೆ ನಾನು ವಾಚ್‌ಮನ್‌ನನ್ನು ನೀರಿನ ಟ್ಯಾಂಕರ್ ಬಗ್ಗೆ ಕೇಳಿದೆ. ಬೋರ್‌ವೆಲ್ ಬತ್ತಿದೆಯೇ ಎಂದು ನೋಡಿದೆ. ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಸರಿಯಿದೆಯೇ ಎಂದು ಪರಿಶೀಲಿಸಿದೆ. ಕಟ್ಟಡವು ಹತ್ತಿರದ ಕೆರೆಯಿಂದ ಬಿಡಬೇಕಾದಷ್ಟು ದೂರ ಬಿಟ್ಟಿದೆಯೇ ಎಂದು ನಕ್ಷೆ ತೆಗೆಸಿದೆ. ಆಫೀಸಿನ ಹೊತ್ತಿನಲ್ಲಿ ಬನ್ನೇರುಘಟ್ಟ ರಸ್ತೆಯಲ್ಲಿ ಅನಿರ್ಬನ್‌ನನ್ನು ಓಡಾಡಿಸಿ ಟ್ರಾಫಿಕ್ ತೋರಿಸಿದೆ. ಏನಾದರೂ ದೋಷ ಸಿಗಲೆಂದು ಹುಡುಕಿದ್ದರಿಂದ, ಅಷ್ಟು ಚೆನ್ನಾಗಿ ನಾನು ಯಾವ ಮನೆಯನ್ನೂ ನೋಡಿಲ್ಲ. ದೋಷ ಸಿಗಲಿಲ್ಲ.

ಉಳಿದದ್ದು ಬಾಗಿಲು. ಅದನ್ನೂ ಹೇಳಲೇಬೇಕು, ಏಕೆಂದರೆ ಮುಂದೆ ಮಾರುವಾಗ ಕೊಳ್ಳುವವರು ಸಿಗುವುದು ಕಷ್ಟ. ಹೇಳಿದೆ. ಯಮನ ಹೆಸರನ್ನೂ ಸೇರಿಸಿಯೇ ಹೇಳಿದೆ. ಇಬ್ಬರ ನಗುವೂ ನಿಂತಿತು.

"ಆಂಟಿ, ನೀವಾಗಿದ್ರೆ ತಗೊಳ್ತಿದ್ರಾ?" ಎಂದಳು ಮೌಸುಮಿ.

ಇಲ್ಲ ಎಂದಿದ್ದರೆ ಹೊರಟುಬಿಡುತ್ತಿದ್ದರು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಪೂರ್ತಿ ನಿಜವೂ ಆಗುತ್ತಿರಲಿಲ್ಲ.

"ಇದೇ ಮನೆ ನಾವೂ ನೋಡಿದ್ವಮ್ಮ. ಹೆದರ್ಕೊಂಡು ಪೂರ್ವದ ಬಾಗಿಲಿನ ಮನೆ ತಗೊಂಡ್ವಿ. ನಮ್ಮನೆಯವರು ಹೋಗಿದ್ದು ಅಲ್ಲೇ."

ಅವಳು ನನ್ನ ಕೈ ಹಿಡಿದುಕೊಂಡಳು. ಮರುವಾರ ಮುಂಗಡ ಕೊಟ್ಟರು.

ಗೃಹಪ್ರವೇಶಕ್ಕೆ ಹೋದಾಗ ಮೌಸುಮಿ ಸ್ಟವ್ ಮೇಲೆ ಹಾಲಿಟ್ಟು ಕಾಯುತ್ತಿದ್ದಳು. "ನಿಮ್ಮ ಕಡೆ ಹಾಲು ಉಕ್ಕಿಸ್ತಾರಲ್ವಾ? ನೀವೇ ಉಕ್ಕಿಸಿ ಆಂಟಿ."

ಗಂಡನನ್ನು ಕಳೆದುಕೊಂಡವಳಿಂದ ಇಲ್ಲಿ ಯಾರೂ ಆ ಕೆಲಸ ಮಾಡಿಸುವುದಿಲ್ಲ. ಅವಳಿಗೆ ಅದು ತಿಳಿದಿರಲಿಲ್ಲ.

"ನಾನು ಮಾಡಬಾರದಮ್ಮ."

"ಇದೂ ಆ ಬಾಗಿಲಿನ ಥರನೇನಾ?"

"ಹೂಂ. ಅದೇ ಥರ."

"ಹಾಗಾದ್ರೆ ಹಚ್ಚಿ," ಎಂದು ಲೈಟರ್ ಕೈಗಿಟ್ಟಳು.

ಬಾಲ್ಕನಿಯಿಂದ ಬೀಸಿದ ಗಾಳಿಗೆ ಉರಿ ಬಾಗಿತು. ಅಂಗೈ ಅಡ್ಡ ಹಿಡಿದು ನಿಂತೆ. ಹಾಲು ಉಕ್ಕಿತು. ಹೊರಗೆ ಅವರು ಆಗಲೇ ಎರಡು ಕುರ್ಚಿ ಹಾಕಿದ್ದರು. ಹೊಟ್ಟೆಕಿಚ್ಚು ಆಗಲೂ ಹೋಗಿರಲಿಲ್ಲ, ಈಗಲೂ ಪೂರ್ತಿ ಹೋಗಿಲ್ಲ.

ಈಗ ಹೊರರಾಜ್ಯದಿಂದ ಬರುವವರಿಗೆ ನೀರು, ದಾಖಲೆ, ರಸ್ತೆಯ ವಿಷಯ ಎಲ್ಲವನ್ನೂ ಹೇಳುತ್ತೇನೆ. ಇಲ್ಲಿನ ಭಯವನ್ನೂ ಹೇಳುತ್ತೇನೆ, ಅದು ನಮ್ಮ ಭಯವೆಂದು ಹೇಳಿ. ದಿಕ್ಸೂಚಿ ಇನ್ನೂ ಚೀಲದಲ್ಲಿದೆ. ಮನೆ ನೋಡಲು ಬಂದವರು ಬಾಲ್ಕನಿಯಲ್ಲಿ ಸ್ವಲ್ಪ ಹೊತ್ತು ನಿಂತ ಮೇಲಷ್ಟೇ ಅದನ್ನು ಹೊರಗೆ ತೆಗೆಯುತ್ತೇನೆ.