ಮೀನಖಂಡಕ್ಕೆ ಬಿದ್ದ ನೀರು

ದೆವ್ವ, ಗಾಳಿ, ಮಾಟ ಅಂತ ಯಾರಾದರೂ ಬಾಯಿ ತೆರೆದರೆ ಟವೆಲ್ ಕೊಡವಿ ಎದ್ದು ಹೋಗುವ ಪೈಕಿ ನಾನು. ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ, ಶೇಂಗಾ ವ್ಯಾಪಾರದ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ತಕ್ಕಡಿಗೆ ಬಂದದ್ದು ಇದೆ, ಬಾರದ್ದು ಇಲ್ಲ. ಇಷ್ಟೇ ನನ್ನ ವೇದಾಂತ. ಆದ್ದರಿಂದ ಮುಂದಿನದನ್ನು ಓದಿ ನೀವು ನಕ್ಕರೆ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ನಮ್ಮಕ್ಕನ ಎರಡೂ ಕಿಡ್ನಿ ಕೈಕೊಟ್ಟವು. ಅಕ್ಕನನ್ನು ಕೊಟ್ಟಿದ್ದು ಹಾಲಹರವಿಗೆ. ಅಲ್ಲಿಂದ ಡಯಾಲಿಸಿಸ್‌ಗೆ ಓಡಾಡುವುದು ಆಗದ ಮಾತು ಅಂತ ಆದೋನಿಯ ನಮ್ಮ ಮನೆಗೇ ಕರೆತಂದೆ. ಭಾವನ ಕಿಡ್ನಿ ಹೊಂದಲಿಲ್ಲ, ನನ್ನದು ಹೊಂದಿತು. ತಗೊಳ್ಳಿ ಅಂತ ಕರ್ನೂಲಿಗೆ ಹೋದರೆ ಅಲ್ಲಿನ ದೊಡ್ಡ ಡಾಕ್ಟರು ನನ್ನ ಮುಖ ನೋಡುವ ಮೊದಲು ಹೊಟ್ಟೆ ನೋಡಿದರು. “ಮುಂದು ಈ ಪೊಟ್ಟ ತಗ್ಗಾಲಯ್ಯಾ” ಅಂದರು. ಮೊದಲು ಈ ಹೊಟ್ಟೆ ಇಳಿಸಪ್ಪಾ ಅಂತ. ಟ್ರೆಡ್‌ಮಿಲ್ ಹತ್ತಿಸಿದರು. ಕಾಲಡಿಯ ಪಟ್ಟಿ ಜೋರಾದದ್ದೇ ತಡ, ನನ್ನ ಏದುಸಿರು ಹೊರಗೆ ಕೂತ ಹೆಂಡತಿಗೂ ಕೇಳಿಸಿತಂತೆ. ಅರ್ಧಕ್ಕೇ ಕೈ ಎತ್ತಿದೆ. ಈ ಸ್ಥಿತಿಯಲ್ಲಿ ನಿಮ್ಮನ್ನು ಕೊಯ್ದರೆ ಒಬ್ಬರ ಬದಲು ಇಬ್ಬರು ರೋಗಿಗಳಾಗುತ್ತೀರಿ, ನಡೆದರೆ ಸಾಲದು, ಓಡಿ ದಮ್ಮು ಬೆಳೆಸಿಕೊಂಡು ಬನ್ನಿ ಎಂದು ವಾಪಸ್ ಕಳಿಸಿದರು. ಅಕ್ಕನ ಕೈಯ ನರಗಳು ಸೂಜಿಗೆ ಸಿಗದಂತಾಗುತ್ತಿದ್ದವು. ಹೆಚ್ಚು ದಿನ ಕಾಯುವ ಹಾಗಿಲ್ಲ ಎಂದೂ ಹೇಳಿದರು.

ಬಸ್ಸಿನಲ್ಲಿ ಬರುವಾಗ ನನಗೆ ನನ್ನ ಹೊಟ್ಟೆಯ ಮೇಲೇ ಸಿಟ್ಟು. ವರ್ಷಗಟ್ಟಲೆ ಗಾದಿಯ ಮೇಲೆ ಕೂತು, ಮಂಡಕ್ಕಿ ಉಗ್ಗಾನಿ ಮೇಲೆ ಮೆಣಸಿನಕಾಯಿ ಬಜ್ಜಿ ಪೇರಿಸಿ ತಿಂದು ಬೆಳೆಸಿದ ಹೊಟ್ಟೆ, ಈಗ ಅಕ್ಕನ ಜೀವಕ್ಕೆ ಅಡ್ಡ ಕೂತಿತ್ತು.

ಮರುದಿನವೇ ಬೂಟು ಕೊಂಡೆ. ಮೊದಲ ಬೆಳಿಗ್ಗೆ ಹೊಳಗುಂದ ರಸ್ತೆಯಲ್ಲಿ ಹಿಂದೆ ಹೋರಿ ಬಿದ್ದವನ ಹಾಗೆ ಓಡಿದೆ. ಪಕ್ಕೆ ಹಿಡಿದು ಒಂದು ಮೋರಿಯ ಮೇಲೆ ಕುಸಿದೆ. ಹಾಲಿನವನು ಗಾಡಿ ನಿಲ್ಲಿಸಿ “ಏನಾಯ್ತಣ್ಣಾ, ಆಟೋ ಕರೀಲೇನು?” ಅಂದ. ಮಾನ ಹೋಯಿತು. ಆಮೇಲೆ ಬುದ್ಧಿ ಬಂತು. ಒಂದು ಕರೆಂಟ್ ಕಂಬದಿಂದ ಇನ್ನೊಂದರವರೆಗೆ ನಿಧಾನ ಓಟ, ಮುಂದಿನದರವರೆಗೆ ನಡಿಗೆ. ಮೂಗಿನಲ್ಲಿ ಉಸಿರು. ಬರಬರುತ್ತಾ ಓಡುವ ಕಂಬ ಹೆಚ್ಚಾದವು, ನಡೆಯುವ ಕಂಬ ಕಡಿಮೆಯಾದವು, ಪ್ಯಾಂಟು ಸಡಿಲಾಯಿತು. ಆದರೆ ಜಿನ್ನಿಂಗ್ ಮಿಲ್ಲಿಗೆ ಸ್ವಲ್ಪ ಈಚೆ ಒಂದು ಬೇವಿನ ಮರವಿದೆ. ಅದು ಬಂತೆಂದರೆ ಸಾಕು, ಯಾರೋ ಎದೆಗೆ ಕೈ ಕೊಟ್ಟು ತಡೆದ ಹಾಗೆ ನಿಂತುಬಿಡುತ್ತಿದ್ದೆ. ಎಷ್ಟು ಹೆಣಗಿದರೂ ಆ ಮರ ದಾಟಿ ಓಡಲು ಆಗಲಿಲ್ಲ. ಅಂಗಡಿಯಲ್ಲಿ ಕೂತರೂ ಅದೇ ಮರ ಕಣ್ಣ ಮುಂದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಅಕ್ಕನಿಗೆ ನೀರು ಅಳತೆಯಲ್ಲಿ ಕೊಡಬೇಕಿತ್ತು. ಒಂದು ಹಿತ್ತಾಳೆ ತಂಬಿಗೆ, ಇಡೀ ದಿನಕ್ಕೆ ಅಷ್ಟೇ. ನನ್ನ ಹೆಂಡತಿ ಹಿಂದಿನ ರಾತ್ರಿಯೇ ತುಂಬಿ ಮಂಚದ ಪಕ್ಕ ಇಡುತ್ತಿದ್ದಳು. ಹೆಚ್ಚು ಕುಡಿದರೆ ಅದು ಮೈಯಲ್ಲೇ ನಿಂತು ಎದೆಗೆ ಏರುತ್ತದೆ. ಬೇಸಿಗೆಯಲ್ಲಿ ಅಕ್ಕ ಆ ತಂಬಿಗೆಯನ್ನೇ ನೋಡುತ್ತಾ ಮಲಗಿರುವುದು ಕಂಡು ನನಗೆ ಮನೆಯಲ್ಲಿ ನೀರು ಕುಡಿಯುವುದೇ ಪಾಪ ಅನ್ನಿಸುತ್ತಿತ್ತು. ಆಕೆ ಮಾತ್ರ ನಗೆ ಬಿಟ್ಟಿರಲಿಲ್ಲ. ನಾನು ಬೂಟಿನ ದಾರ ಕಟ್ಟುವಾಗ ಮಲಗಿದಲ್ಲಿಂದಲೇ ಅನ್ನುತ್ತಿದ್ದಳು, “ಓಡೋ ತಮ್ಮಾ, ನೀರು ಮುಗಿತೈತಿ!”

ಇದು ನಮ್ಮಿಬ್ಬರ ಹಳೆಯ ಮಾತು. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ನಮ್ಮ ಕಡೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಒಬ್ಬರು ಮುಂದೆ ಪುಟ್ಟಿಯಲ್ಲಿ ಅನ್ನ, ಕಡುಬು, ಪಲ್ಯ ಹಿಡಿದು ಬೆಳೆಗೆ ಚೆಲ್ಲುತ್ತಾ ಹೊಲ ಸುತ್ತಬೇಕು. ಹಿಂದೆ ಇನ್ನೊಬ್ಬರು ತಂಬಿಗೆಯ ನೀರು ಚಿಮುಕಿಸುತ್ತಾ ಬರಬೇಕು. ಚಿಕ್ಕಂದಿನಲ್ಲಿ ಮುಂದೆ ನಾನು, ಹಿಂದೆ ಅಕ್ಕ. ನಮ್ಮ ಮನೆಯಲ್ಲಿ ಅಪ್ಪನದು ಎರಡು ಕಟ್ಟಳೆ. ಸುತ್ತು ಮುಗಿಯುವ ಮೊದಲು ನೀರು ಖಾಲಿಯಾಗಬಾರದು. ಮುಂದಿನವನು ಹಿಂದೆ ತಿರುಗಿ ನೋಡಬಾರದು. ನೋಡಿದರೆ ಆ ಸುತ್ತು ಕೆಟ್ಟಿತು. ನಾನು ಕಡಲೆ ಗಿಡ ಕಿತ್ತು ತಿನ್ನುತ್ತಾ ತಡಮಾಡಿದರೆ ಹಿಂದಿನಿಂದ ಅಕ್ಕ ಹಾಗೆ ಕೂಗಿ, ಬೇಕೆಂದೇ ನನ್ನ ಮೀನಖಂಡಕ್ಕೆ ತಣ್ಣೀರು ಚಿಮುಕಿಸುತ್ತಿದ್ದಳು.

ಎರಡನೇ ಸಲ ಟ್ರೆಡ್‌ಮಿಲ್ ಹತ್ತಲು ಕರ್ನೂಲಿಗೆ ಹೋಗುವುದು ನಾಡಿದ್ದು ಅನ್ನುವ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. ಈ ಸಲವೂ ನಿಂತುಬಿಟ್ಟರೆ? ಅಕ್ಕನ ಮುಖ ಹೇಗೆ ನೋಡಲಿ? ಬೆಳಕು ಹರಿಯುವ ಹೊತ್ತಿಗೆ ಎದ್ದು ಬೂಟು ಹಾಕಿದೆ. ಅಂದು ಅಕ್ಕ ಗಾಢ ನಿದ್ದೆಯಲ್ಲಿದ್ದಳು, ಏನೂ ಅನ್ನಲಿಲ್ಲ. ತಂಬಿಗೆ ತುಂಬಿ ಪಕ್ಕದಲ್ಲೇ ಇತ್ತು. ಕಾಲು ತಾಗೀತೆಂದು ಸುತ್ತಿ ದಾಟಿದ್ದು ನನಗೆ ಚೆನ್ನಾಗಿ ನೆನಪಿದೆ.

ಉಗಾದಿ ಕಳೆದ ಸುಡು ದಿನಗಳು. ಎಷ್ಟೋ ದಿನದಿಂದ ಒಂದು ಹನಿ ಮಳೆ ಇಲ್ಲ. ಕರಿನೆಲ ಬಿರುಕು ಬಿಟ್ಟಿತ್ತು, ಮೋರಿ ಒಣಗಿ ಮುಳ್ಳು ತುಂಬಿತ್ತು. ಕಂಬಗಳನ್ನು ಹಿಂದೆ ಬಿಡುತ್ತಾ ಬೇವಿನ ಮರದ ಹತ್ತಿರ ಬಂದೆ. ಎಂದಿನಂತೆ ಪಕ್ಕೆ ಹಿಡಿಯಿತು, ಕಾಲು ಕಬ್ಬಿಣವಾಯಿತು. ಮುಗೀತು, ಇಲ್ಲಿಗೇ ಮುಗೀತು ಅಂದುಕೊಂಡು ಇನ್ನೇನು ನಿಲ್ಲಬೇಕು, ಎಡಗಾಲಿನ ಮೀನಖಂಡಕ್ಕೆ ತಣ್ಣಗೆ ಏನೋ ಬಿತ್ತು.

ಬೆವರು ಅಂದುಕೊಂಡೆ. ಬಲಗಾಲಿಗೂ ಬಿತ್ತು. ಬೆವರು ಮೇಲಿನಿಂದ ಇಳಿಯುತ್ತದೆ ಸ್ವಾಮಿ, ಹಿಂದಿನಿಂದ ಬಂದು ಚಿಮ್ಮುವುದಿಲ್ಲ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಕೈ ಅದ್ದಿ ಬೆರಳು ಕೊಡವಿದರೆ ಬೀಳುವಂಥ ಹನಿ. ಹೆಜ್ಜೆ ಸಪ್ಪಳವಿಲ್ಲ, ಉಸಿರಿಲ್ಲ, ಮಾತಿಲ್ಲ. ನೀರು ಮಾತ್ರ.

ಯಾರಾದರೂ ಇಂಥ ಕಥೆ ಹೇಳಿದ್ದರೆ ‘ತಿರುಗಿ ನೋಡಬೇಕಿತ್ತಲ್ಲೋ ಪೆದ್ದ’ ಅನ್ನುತ್ತಿದ್ದವನು ನಾನೇ. ನೋಡಲಿಲ್ಲ. ಕುತ್ತಿಗೆ ಹಿಡಿದಿರಲಿಲ್ಲ, ಯಾರೂ ತಡೆಯಲೂ ಇಲ್ಲ. ನೋಡಿದರೆ ಸುತ್ತು ಕೆಡುತ್ತದೆ ಎನ್ನುವುದೊಂದೇ ತಲೆಯಲ್ಲಿತ್ತು. ಹೆದರಿದ್ದೆ. ಆದರೂ ಓಡುತ್ತಲೇ ಇದ್ದೆ. ನೋಡುತ್ತೇನೆ, ಬೇವಿನ ಮರ ಯಾವಾಗಲೋ ದಾಟಿಯಾಗಿದೆ.

ಮಿಲ್ಲಿನ ಗೇಟು ಬಂತು. ದಿನವೂ ಅಲ್ಲಿಯವರೆಗೆ ಹೇಗೋ ನಡೆದು ಹೋಗಿ ಹಿಂತಿರುಗುತ್ತಿದ್ದೆ. ಈಗ ಹಿಂತಿರುಗುವುದು ಹೇಗೆ? ಹೊರಳಿದರೆ ಹಿಂದೆ ಇರುವುದು ಮುಖಕ್ಕೆ ಮುಖ ಸಿಗುತ್ತದೆ. ಗೇಟಿನ ಪಕ್ಕದಿಂದ ಒಂದು ಬಂಡಿ ದಾರಿ ಹೊಲಗಳ ನಡುವೆ ಬಳಸಿಕೊಂಡು ನಮ್ಮ ಓಣಿಗೇ ಬಂದು ಸೇರುತ್ತದೆ. ಎಷ್ಟೋ ದೂರದ ದಾರಿ ಅದು, ನಡೆದವನೂ ಅಲ್ಲ ನಾನು. ಅದಕ್ಕೇ ಕಾಲು ಹಾಕಿದೆ. ಹನಿಗಳೂ ಹಿಂದೆಯೇ ಬಂದವು.

ಕಿತ್ತ ಹತ್ತಿ ಕಟ್ಟಿಗೆಯ ರಾಶಿಗಳು, ಹೆಂಟೆಗಳು, ಒಂದು ನಾಯಿ. ಆ ನಾಯಿ ನನ್ನನ್ನು ಕಂಡು ಬೊಗಳಲಿಲ್ಲ. ನನ್ನ ಹಿಂದಕ್ಕೆ ನೋಡಿ ಬಾಲ ಅಲ್ಲಾಡಿಸಿತು. ಅರ್ಧ ದಾರಿ ಕಳೆದ ಮೇಲೆ ಹನಿಗಳು ವಿರಳವಾದವು. ಒಂದು ಬಿದ್ದರೆ ಇನ್ನೊಂದಕ್ಕೆ ತುಂಬ ಹೊತ್ತು. ನನಗೆ ನಿಜವಾದ ಭಯ ಹುಟ್ಟಿದ್ದು ಆಗ. ನೀರು ಮುಗಿಯುತ್ತಿದೆ! ಮುಗಿದರೆ ಅಕ್ಕ ಉಳಿಯುವುದಿಲ್ಲ ಅಂತ ಅನ್ನಿಸಿಬಿಟ್ಟಿತು. ಯಾಕೆ ಅನ್ನಿಸಿತೋ, ಯಾವ ತಕ್ಕಡಿಗೂ ಬಾರದ ಮಾತು. ಪಕ್ಕೆನೋವು ಎಲ್ಲಿ ಹೋಯಿತೋ ಗೊತ್ತಿಲ್ಲ, ಜೀವಮಾನದಲ್ಲಿ ಹಾಗೆ ಓಡಿರಲಿಲ್ಲ. ಓಣಿ ಬಂತು. ನಮ್ಮ ಗೇಟು ಹಿಡಿಯುವಾಗ ಕೊನೆಯ ಒಂದೇ ಒಂದು ಹನಿ ಬಲಗಾಲಿಗೆ ಬಿತ್ತು.

ಹೊಸ್ತಿಲು ದಾಟಿ ಆಮೇಲೆ ತಿರುಗಿದೆ. ಖಾಲಿ ಓಣಿ. ಎದುರು ಮನೆಯವರು ಇನ್ನೂ ಕಸ ಗುಡಿಸಿರಲಿಲ್ಲ.

ಹೆಂಡತಿ ಹೊರಬಂದು ನನ್ನ ಕಾಲು ನೋಡಿದಳು. “ಎಲ್ಲ್ಯಾರ ನೀರಾಗ ಇಳಿದಿದ್ರೇನ್ರಿ? ಹಿಂದೆಲ್ಲ ತೊಯ್ದಾವಲ್ಲ!” ಪ್ಯಾಂಟು ಮೊಣಕಾಲ ಕೆಳಗೆ ಹಿಂಭಾಗ ಮಾತ್ರ ಒದ್ದೆ, ಮುಂದೆ ಒಣ ಧೂಳು. ನಾನು ಉತ್ತರ ಕೊಡುವ ಮೊದಲೇ ಒಳಗೆ ಹೋದ ಆಕೆ ಅಲ್ಲಿಂದಲೇ ಚೀರಿದಳು. “ಅಯ್ಯೋ ಅಕ್ಕಾರ, ದಿನದ್ ನೀರೆಲ್ಲಾ ಒಮ್ಮೆಗೇ ಕುಡಿದುಬಿಟ್ರೇನ್ರಿ?”

ತಂಬಿಗೆ ನೆಟ್ಟಗೆ ನಿಂತಿತ್ತು, ಬರಿದಾಗಿತ್ತು. ನೆಲದ ಮೇಲೆ ಒಂದು ಹನಿಯಿಲ್ಲ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ಬಲಗೈಯ ಬೆರಳು ನೀರಲ್ಲಿ ನೆನೆದಂತೆ ಸುಕ್ಕಾಗಿದ್ದವು.

“ನಾ ಕುಡಿದಿಲ್ಲವ್ವಾ,” ಅಂದಳು. ಆಮೇಲೆ ನನ್ನ ಕಡೆ ನೋಡಿ ಕೇಳಿದಳು. “ತಿರುಗಿ ನೋಡಿದ್ಯೇನೋ?”

“ಇಲ್ಲಕ್ಕಾ.”

“ಹ್ಞಾಂ,” ಅಂದವಳೇ ಮಲಗಿ ಮತ್ತೆ ನಿದ್ದೆ ಹೋದಳು.

ಅಂದು ಡಯಾಲಿಸಿಸ್‌ಗೆ ಮುಂಚೆ ತೂಕ ಮಾಡಿದರು. ಅಷ್ಟು ನೀರು ಕುಡಿದಿದ್ದರೆ ತೂಕ ಎಂದಿಗಿಂತ ಹೆಚ್ಚು ಏರಬೇಕಿತ್ತು. ಏರಿರಲಿಲ್ಲ. ತಕ್ಕಡಿಯನ್ನು ನಂಬಿದವನಿಗೆ ತಕ್ಕಡಿಯೇ ಹೀಗೆ ಮಾಡಿತು.

ಮರುದಿನ ಕರ್ನೂಲಿನಲ್ಲಿ ಟ್ರೆಡ್‌ಮಿಲ್ ಪಟ್ಟಿ ನಿಲ್ಲುವವರೆಗೂ ಓಡಿದೆ. ಡಾಕ್ಟರು ಬೆನ್ನು ತಟ್ಟಿದರು. ಆಪರೇಶನ್ ಆಯಿತು. ನನ್ನ ಕಿಡ್ನಿ ಅಕ್ಕನೊಳಗೆ ಕೆಲಸ ಶುರು ಮಾಡಿದ ದಿನ ನಾನು ವಾರ್ಡಿನಲ್ಲಿ ಮಗುವಿನ ಹಾಗೆ ಅತ್ತೆ, ಹೊಲಿಗೆ ನೋಯುತ್ತಿದ್ದರೂ ಅತ್ತೆ.

ಆಮೇಲೆ ಎಲ್ಲ ಬಗೆಯಲ್ಲೂ ಯೋಚಿಸಿದೆ. ಹೊಲದಲ್ಲಿ ಎಲ್ಲೋ ಪೈಪು ಒಡೆದಿತ್ತೇ? ಹೋಗಿ ನೋಡಿದೆ, ಆ ದಾರಿಯಲ್ಲಿ ಬೋರೇ ಇಲ್ಲ. ತಂಬಿಗೆಯ ನೀರನ್ನು ಹೆಂಡತಿಯೇ ಚೆಲ್ಲಿ ಮರೆತಳೇ? ಕೇಳಿದ್ದಕ್ಕೆ ತಂಬಿಗೆಯನ್ನು ನನ್ನ ಮುಂದೆ ಕುಕ್ಕಿ ಹೋದಳು. ‘ತಿರುಗಿ ನೋಡಿದ್ಯಾ’ ಅಂತ ಯಾಕೆ ಕೇಳಿದೆ ಎಂದು ಅಕ್ಕನನ್ನು ಕೇಳಿದರೆ, “ನಾ ಯಾವಾಗ ಹಂಗ ಕೇಳಿದ್ನೋ? ಆವತ್ತು ಬಿಸಿಲೇರೋತನಕ ಮಲಗಿದ್ದೆ ನಾನು,” ಅನ್ನುತ್ತಾಳೆ. ಸುಳ್ಳು ಹೇಳುವ ಮುಖವಲ್ಲ ಅದು.

ನಾನು ಈಗಲೂ ಓಡುತ್ತೇನೆ. ಮಿಲ್ಲಿನ ಗೇಟಿನಿಂದ ಹಿಂತಿರುಗುವುದಿಲ್ಲ, ಬಂಡಿ ದಾರಿ ಹಿಡಿದು ಸುತ್ತು ಪೂರ್ತಿ ಮಾಡುತ್ತೇನೆ. ಕಾಲಿಗೆ ಮತ್ತೆಂದೂ ಹನಿ ಬಿದ್ದಿಲ್ಲ.

ಈ ಸಲದ ಎಳ್ಳಮಾಸಿಗೆ ಅಕ್ಕ ತವರಿನ ಹೊಲಕ್ಕೆ ಬಂದಿದ್ದಳು. ಪುಟ್ಟಿ ನನ್ನ ಕೈಯಲ್ಲಿ, ಅದೇ ಹಿತ್ತಾಳೆ ತಂಬಿಗೆ ಆಕೆಯ ಕೈಯಲ್ಲಿ. ಜೋಳದ ಸಾಲಿನ ನಡುವೆ ನಾನು ಒಂದಿಷ್ಟು ನಿಧಾನ ಮಾಡಿದೆ, ಬೇಕೆಂದೇ. ಎಡಗಾಲಿಗೆ ಬಿತ್ತು, ಬಲಗಾಲಿಗೆ ಬಿತ್ತು. ಅದೇ ತಂಪು, ಅದೇ ಕೈ. ನನಗೆ ಗುರುತು ಸಿಗದಿರುತ್ತದೆಯೇ? ಕಣ್ಣು ತುಂಬಿ ಸಾಲು ಕಾಣದಾಯಿತು, ಆದರೂ ತಿರುಗಲಿಲ್ಲ. ಸುತ್ತು ಮುಗಿದ ಮೇಲೆ ನೋಡಿದರೆ ತಂಬಿಗೆಯಲ್ಲಿ ಇನ್ನೂ ನೀರು ಉಳಿದಿತ್ತು. ಅಕ್ಕ ಅದನ್ನು ಎತ್ತಿ, ಬಿಸಿಲಲ್ಲಿ ನಿಂತು, ಗಟಗಟನೆ ಪೂರ್ತಿ ಕುಡಿದಳು.