ಸೆಕೆಂಡಿಗೆ ಐದು ಚಿತ್ರ

ಕಂಕನಾಡಿಯ ಮೊಯ್ದಿನಬ್ಬ ಹೊರದೇಶದ ಡಿವಿಡಿಗಳನ್ನು ನಮ್ಮ ಟಿವಿಗೆ ಹೊಂದಿಸಿಕೊಡುವವರು. ಗಿರಾಕಿಗೆ ಎಲ್ಲವನ್ನೂ ಬಿಡಿಸಿ ಹೇಳದೆ ಕೆಲಸಕ್ಕೆ ಕೈಹಾಕುವ ಜಾಯಮಾನವೇ ಅವರದಲ್ಲ. ಅದರಿಂದಲೇ ಅವರಿಗೆ ಫಜೀತಿ.

ಒಂದು ದಿನ ಸೆವ್ರಿನ್ ಬಾಯಿ ಎಂಬವರು ಕೆನಡಾದಲ್ಲಿ ನಡೆದ ಮದುವೆಯೊಂದರ ಡಿವಿಡಿ ತಂದರು. ತೀರಿಹೋದ ತಂಗಿ ಎಲೇನ್ ಕುಣಿದ ದೃಶ್ಯ ಇದ್ದುದು ಅದರಲ್ಲಿ ಮಾತ್ರ. ಮನೆಯ ಟಿವಿಗೆ ಹಾಕಿದರೆ ಬರೀ ಗೆರೆಗಳು.

"ಅಲ್ಲಿ ಸೆಕೆಂಡಿಗೆ ಮೂವತ್ತು ಚಿತ್ರ ಬಾಯಮ್ಮ, ಇಲ್ಲಿ ಇಪ್ಪತ್ತೈದು. ಐದು ತೆಗೀಬೇಕಾಗ್ತದೆ," ಎಂದರು ಮೊಯ್ದಿನಬ್ಬ.

ಬಾಯಿ ಡಿವಿಡಿಯನ್ನು ಎದೆಗವಚಿಕೊಂಡರು. "ತೆಗೀಲಿಕ್ಕೆ ಅದೆಂತ ಬಂಗುಡೆ ಮೀನಿನ ಮುಳ್ಳಾ? ಆ ಐದರಲ್ಲೇ ನನ್ನ ತಂಗಿ ಇದ್ರೆ?"

"ಕಣ್ಣಿಗೆ ಗೊತ್ತೇ ಆಗುದಿಲ್ಲ. ಬೇಕಾದ್ರೆ ಇಲ್ಲೇ ಕೂತು ಕಾವಲು ಕಾಯಿರಿ."

ಬಾಯಿ ನಿಜವಾಗಿಯೂ ಸ್ಟೂಲೆಳೆದು ಕೂತರು. ಮಧ್ಯಾಹ್ನದ ಹೊತ್ತಿಗೆ ಹೊಸ ಡಿವಿಡಿ ಸಿದ್ಧವಾಯಿತು. ಟಿವಿಯಲ್ಲಿ ಎಲೇನ್ ಬಣ್ಣಬಣ್ಣವಾಗಿ ಕುಣಿಯತೊಡಗಿದಳು. ಆದರೆ ಎರಡನೆಯ ಸುತ್ತಿಗೇ ಹೆಜ್ಜೆ ತಪ್ಪಿ ಪಕ್ಕದವರ ಕಾಲು ತುಳಿದಳು. ಮೊಯ್ದಿನಬ್ಬ ಗಡಬಡಿಸಿ ರಿಮೋಟಿಗೆ ಕೈಹಾಕಿದರು. ಇನ್ನು ಆ ಐದು ಚಿತ್ರದ ಲೆಕ್ಕ ಕೇಳದೆ ಸೆವ್ರಿನ್ ಬಾಯಿ ತನ್ನನ್ನು ಬಿಟ್ಟಾರೆಯೇ?

ಬಾಯಿ ಕಣ್ಣೊರೆಸಿಕೊಂಡು ನಗುತ್ತಿದ್ದರು. "ಇವಳೇ ಮಾರಾಯ, ನನ್ನ ಎಲೇನ್! ಸರಿಯಾಗಿ ಕುಣಿದಿದ್ರೆ ನಾನು ನಂಬ್ತಲೇ ಇರಲಿಲ್ಲ."